ವಾಟೆಯಲ್ಲಿ ಹೆಣೆದ ವೈರಸ್ಸು

"ಸರ್, ಈ ಕೋಳಿಗೂಡು ಯಾರದ್ದು? ಎಸೆಯದಾ?" ಎಂದು ನಮ್ಮ ಹೊಸ ಪ್ರಿನ್ಸಿಪಾಲರು ಕಳೆದ ವಾರ ಜೀವಶಾಸ್ತ್ರದ ಲ್ಯಾಬಿನಲ್ಲಿ ನಿಂತು ಕೇಳಿದರು. ಕಪಾಟಿನ ನೆತ್ತಿಯ ಮೇಲೆ ಧೂಳು ತಿಂದು ಬೂದಿ ಬಣ್ಣಕ್ಕೆ ತಿರುಗಿದ ಬುಟ್ಟಿಯ ಚೆಂಡೊಂದು ಕೂತಿತ್ತು. ಫುಟ್‌ಬಾಲಿಗಿಂತ ದೊಡ್ಡದು, ಬಾಯಿಯೇ ಇಲ್ಲದ ಬುಟ್ಟಿ. ಕೊಪ್ಪದ ಸಂತೆಯಲ್ಲಿ ಇಟ್ಟರೆ ಯಾರೂ ಮುಟ್ಟಲಾರರು, ಯಾಕೆಂದರೆ ಅದರೊಳಗೆ ಏನನ್ನೂ ತುಂಬಲು ಬರುವುದಿಲ್ಲ. "ಅದು ಕೋಳಿಗೂಡಲ್ಲ ಸರ್, ವೈರಸ್ಸು" ಎಂದೆ. ಅವರು ತಮಾಷೆಯೆಂದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ಅದನ್ನು ಮಾಡಿಸಿದವರು ತೀರಿಕೊಂಡ ಸುದ್ದಿ ಸೀತೂರಿನಿಂದ ಬಂದು ಆಗಿನ್ನೂ ಹದಿನೈದು ದಿನವಾಗಿರಲಿಲ್ಲ.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಒಮ್ಮೆ ಅವರ ಫೋಟೋ ಹಾಕಿ 'ವಿಜ್ಞಾನಿ' ಎಂದು ಅಚ್ಚು ಮಾಡಿದ್ದಕ್ಕೆ ಸಂಪಾದಕರಾಗಿದ್ದ ಕನ್ನಡ ಮೇಷ್ಟರ ಜೊತೆ ಒಂದು ತಿಂಗಳು ಮಾತು ಬಿಟ್ಟಿದ್ದರು. "ನಾನೇನು ಕಂಡುಹಿಡಿದಿದೀನಿ ಅಂತ ಮಾರಾಯ್ರೆ?" ಎಂಬುದು ಅವರ ತಕರಾರು. ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ಇಲ್ಲೂ ಹಾಗೇ ಇರಲಿ.

ಮೇಡಂ ನಮ್ಮ ಪಿಯು ಕಾಲೇಜಿಗೆ ಬರುವ ಮೊದಲು ದೂರದ ಊರಿನ ಒಂದು ಸಂಶೋಧನಾಲಯದಲ್ಲಿ ಆರು ವರ್ಷ ಇದ್ದವರು. ಮಂಗನ ಕಾಯಿಲೆಯ ವೈರಸ್ಸಿನ ಹೊರಮೈಯಲ್ಲಿರುವ ಒಂದೇ ಒಂದು ಪ್ರೋಟೀನಿನ ಆಕಾರವನ್ನು ತಿಳಿಯುವುದು ಅಲ್ಲಿ ಅವರ ಕೆಲಸ. ಹಾಗೆ ತಿಳಿಯಬೇಕಾದರೆ ಆ ಪ್ರೋಟೀನು ಮೊದಲು ಹರಳುಗಟ್ಟಬೇಕಂತೆ, ಕಲ್ಲುಸಕ್ಕರೆ ಕಟ್ಟಿದ ಹಾಗೆ. ಆ ಹರಳಿನ ಮೂಲಕ ಕಿರಣ ಹಾಯಿಸಿ ಒಳಗಿನ ಒಂದೊಂದು ತಿರುವನ್ನೂ ಲೆಕ್ಕ ಹಾಕುತ್ತಾರೆ. "ಆರು ವರ್ಷ ಕಾದೆ ಸರ್. ಒಂದ್ಸಲನೂ ಕಟ್ಟಲಿಲ್ಲ. ದಿನಾ ಬೆಳಿಗ್ಗೆ ಹೋಗಿ ನೋಡಿದ್ರೆ ಗಂಜಿತಿಳಿ ಥರ ಕದಡಿಕೊಂಡು ಕೂತಿರ್ತಿತ್ತು" ಎಂದು ಒಮ್ಮೆ ಹೇಳಿದ್ದರು. ಕೆಲಸದ ಅವಧಿ ಮುಗಿಯಿತು, ಮುಂದುವರಿಸಲಿಲ್ಲ, ಊರಿಗೆ ಬಂದರು. ಬಂದರೇನು, ಆ ಪ್ರೋಟೀನು ಅವರ ಜೊತೆಗೇ ಬಂದಿತ್ತು.

ಮಾತಾಡುವಾಗ ಅವರ ಬಲಗೈ ಸುಮ್ಮನಿರುತ್ತಿರಲಿಲ್ಲ. ಗಾಳಿಯಲ್ಲಿ ಯಾವುದೋ ಹಿಡಿಕೆಗಾಗಿ ತಡಕಾಡಿದ ಹಾಗೆ ಬೆರಳು ಮಡಚಿ ಬಿಚ್ಚುತ್ತಿದ್ದರು. "ಹಿಡಿ ಸಿಕ್ಕಬೇಕು ಸರ್. ರೋಗದ ವಿರುದ್ಧ ನಮ್ಮ ಮೈಯಲ್ಲಿ ಹುಟ್ಟುವ ಪ್ರತಿಕಾಯಕ್ಕೂ ಅಷ್ಟೆ, ವೈರಸ್ಸಿನ ಮೇಲೆ ಎಲ್ಲಿ ಹಿಡಿಯಬೇಕು ಅಂತ ಗೊತ್ತಾಗ್ಬೇಕು. ಆಕಾರನೇ ಗೊತ್ತಿಲ್ದೆ ಒಳ್ಳೆ ಲಸಿಕೆ ಮಾಡೋದು ಹ್ಯಾಗೆ?" ಕ್ಲಾಸಿನಲ್ಲಿ ಒಂದು ಉದ್ದನೆಯ ಬಾಳೆನಾರು ತಂದು ಮುದುಡಿ ತೋರಿಸುತ್ತಿದ್ದರಂತೆ. ಪ್ರೋಟೀನು ಅಂದರೆ ಒಂದೇ ದಾರ, ಆದರೆ ಅದು ಹೇಗೆ ಮಡಚಿಕೊಂಡಿದೆ ಅನ್ನುವುದರಲ್ಲೇ ಅದರ ಕೆಲಸವೆಲ್ಲ ಇದೆ ಎಂದು. ಅವರ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಏನು ಬರೆದರೋ ಗೊತ್ತಿಲ್ಲ. ಮನೆಯಲ್ಲಿ ಮಾತ್ರ ಬಾಳೆನಾರು ಕಂಡಲ್ಲೆಲ್ಲ ಮುದುಡುತ್ತಿದ್ದರೆಂದು ಪೋಷಕರ ದೂರಿತ್ತು.

ಇನ್ನೊಂದು ಚಾಳಿ, ಕೆಂಪು ನೂಲಿನದು. ಲ್ಯಾಬಿನಲ್ಲಿ ಏನನ್ನೇ ಎಣಿಸಲಿ, ಗಿಡದ ಎಲೆಯಿರಲಿ, ಹೂವಿನ ಎಸಳಿರಲಿ, ಎಣಿಸಿದ್ದಕ್ಕೆಲ್ಲ ಒಂದು ತುಂಡು ಕೆಂಪು ನೂಲು ಕಟ್ಟಬೇಕು. ಎಣಿಕೆ ಮುಗಿದ ಮೇಲೆ ತಾರೀಖು ಬರೆದ ಚೀಟಿ. "ಗುರುತು ಹಾಕದೆ ಎಣಿಸಿದ್ರೆ ಅದು ಲೆಕ್ಕ ಅಲ್ಲ, ಅಂದಾಜು" ಎನ್ನುತ್ತಿದ್ದರು. ನಾನು ಗಣಿತದವನು. ಕಣ್ಣಲ್ಲೇ ಎಣಿಸುವುದು ನನ್ನ ಹೆಮ್ಮೆ. ಸ್ಟಾಫ್ ರೂಮಿನಲ್ಲಿ ಅವರ ನೂಲಿನುಂಡೆ ಕಂಡಾಗಲೆಲ್ಲ "ಮೇಡಂ, ಸ್ವೆಟರ್ ಎಲ್ಲಿಗೆ ಬಂತು?" ಎಂದು ಕಿಚಾಯಿಸುತ್ತಿದ್ದೆ. ಅವರು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ.

ಡಿಸೆಂಬರ್ ಬಂತೆಂದರೆ ಅವರ ಮುಖ ಬಾಡುತ್ತಿತ್ತು. ಕಾಡಿನ ನೆಲದಲ್ಲಿ ತರಗೆಲೆ ಒಣಗುವ ಕಾಲ, ಅದರಡಿಯಲ್ಲಿ ಉಣುಗು ಏಳುವ ಕಾಲ. ಸಾಸಿವೆ ಕಾಳಿನಷ್ಟೂ ಇಲ್ಲದ, ರಕ್ತ ಹೀರುವ ಆ ಹುಳ ಕಚ್ಚಿದರೆ ಮಂಗನ ಕಾಯಿಲೆಯ ಜ್ವರ. ಗೇಟಿನಲ್ಲಿ ನಿಂತು ಹುಡುಗ ಹುಡುಗಿಯರ ಕಾಲರ್, ಸಾಕ್ಸ್ ಬಿಚ್ಚಿಸಿ ನೋಡುತ್ತಿದ್ದರು. ವ್ಯಾನಿಟಿ ಬ್ಯಾಗಿನಲ್ಲಿ ಉಣುಗು ಹತ್ತದಂತೆ ಹಚ್ಚಿಕೊಳ್ಳುವ ಎಣ್ಣೆಯ ಬಾಟಲಿ. ಶೃಂಗೇರಿ ಬಸ್ಸಿನಲ್ಲಿ ಪಕ್ಕ ಕೂತವರು ಸೌದೆಗೋ ಸೊಪ್ಪಿಗೋ ಹೋಗುವವರೆಂದು ಗೊತ್ತಾದರೆ ಸಾಕು, ಕೇಳದೆಯೇ ಅವರ ಮುಂಗೈಗೆ ಎಣ್ಣೆ ಸುರಿದು ತಿಕ್ಕಲು ಶುರು. ಬೈಸಿಕೊಂಡದ್ದೂ ಉಂಟು. ಇಷ್ಟೊಂದು ಯಾಕೆ ಮನಸ್ಸಿಗೆ ಹಚ್ಚಿಕೊಂಡಿದೀರಿ ಎಂದು ನಾನೊಮ್ಮೆ ಕೇಳಿದೆ. "ಸೀತೂರಲ್ಲಿ ನಾವು ಐದು ಜನ ಹುಡುಗೀರು ಒಟ್ಟಿಗೆ ಕೊಟ್ಟಿಗೆಗೆ ಹಾಸೋ ದರಗೆಲೆ ತರಕ್ಕೆ ಹೋಗ್ತಿದ್ವಿ ಸರ್. ಒಂದು ಬೇಸಿಗೆ ಕಳೆದ ಮೇಲೆ ನಾಲ್ಕು ಜನ ಹೋಗ್ತಿದ್ವಿ" ಎಂದರು.

ಹಳೆಯ ಲಸಿಕೆ ಸಾಕಷ್ಟು ಕೆಲಸ ಮಾಡುತ್ತಿಲ್ಲವೆಂದು ಅದನ್ನು ನಿಲ್ಲಿಸಿದ ಮರುವರ್ಷ ಮೇಡಂ ಇನ್ನಷ್ಟು ಕಂಗೆಟ್ಟರು. ಹೊಸದು ಬರುವ ತನಕ ಇರುವುದು ಎಣ್ಣೆಯೊಂದೇ. ಅದನ್ನು ಜನ ಹಚ್ಚಿಕೊಳ್ಳುತ್ತಿರಲಿಲ್ಲ. ಕಣ್ಣಿಗೆ ಕಾಣದ್ದಕ್ಕೆ ಯಾರು ಹೆದರುತ್ತಾರೆ? ಕಾಣುವ ಹಾಗೆ ಮಾಡಬೇಕು, ಊರೂರಿನ ಸಭೆಗೆ ಕೈಯಲ್ಲಿ ಹಿಡಿದುಕೊಂಡು ಹೋಗಬೇಕು ಎಂಬ ಹುಚ್ಚು ಅವರಿಗೆ ಹತ್ತಿದ್ದು ಆಗಲೇ.

ಆ ಹುಚ್ಚಿಗೆ ದಾರಿ ತೋರಿಸಿದ್ದು ಸಂತೆಯ ಒಂದು ಕೋಳಿಗೂಡು. ತರಕಾರಿ ಕೊಳ್ಳಲು ಬಂದ ಮೇಡಂ ಬುಟ್ಟಿ ಮಾರುವ ರುಕ್ಕಮ್ಮನ ಮುಂದೆ ಕೂತೇಬಿಟ್ಟರು. ರುಕ್ಕಮ್ಮನ ಮನೆ ಮೇಗುಂದದ ಕಡೆ. ವಾಟೆ ಸೀಳಿ ಹೆಣೆಯುವುದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ವಾಟೆ ಎಂದರೆ ಬೆರಳು ದಪ್ಪದ ಸಣ್ಣ ಬಿದಿರು, ನಮ್ಮ ಕಾಡಿನಲ್ಲಿ ಬೆಳೆಯುವಂಥದ್ದು. ಕೋಳಿಗೂಡಿನ ಹೆಣಿಗೆಯಲ್ಲಿ ಆರು ಮೂಲೆಯ ಕಣ್ಣುಗಳು. ಮೂಲೆ ತಿರುಗುವಲ್ಲಿ ಮಾತ್ರ ಐದು ಮೂಲೆಯದೊಂದು ಇತ್ತು. ಮೇಡಂ ಅದರೊಳಗೆ ಬೆರಳು ತೂರಿಸಿ, "ಇದು ಯಾಕೆ ಹೀಗೆ ಅಕ್ಕಾ?" ಎಂದು ಕೇಳಿದರು.

"ಆರ್ಮೂಲೆ ಕಣ್ಣೇ ಹಾಕ್ತಾ ಹೋದ್ರೆ ತಟ್ಟಿ ಆಗ್ತದೆ ಅಮ್ಮ, ಬುಟ್ಟಿ ಆಗಲ್ಲ. ಬಾಗಬೇಕು ಅಂದ್ರೆ ಒಂದು ಎಳೆ ಬಿಟ್ಟು ಐಮೂಲೆ ಮಾಡದು. ತಂತಾನೇ ಬಾಗ್ತದೆ."

"ಪೂರ್ತಿ ಚೆಂಡಿನ ಹಾಗೆ ಮುಚ್ಚಕ್ಕೆ ಎಷ್ಟು ಐಮೂಲೆ ಬೇಕು?"

ರುಕ್ಕಮ್ಮ ಗಾಳಿಯಲ್ಲೇ ಕೈ ಆಡಿಸಿ ನೋಡಿದಳು. "ಹತ್ತರ ಮೇಲೆ ಬೇಕಾತದೆ. ಹನ್ನೆರಡು ಅಂತ ಇಟ್ಕಳಿ."

ಮರುದಿನ ಸ್ಟಾಫ್ ರೂಮಿನಲ್ಲಿ ಮೇಡಂ ಇದನ್ನು ಹೇಳಿದರು. ಗಣಿತದಲ್ಲಿ ನಾವು ಪ್ರಮೇಯವೆಂದು ಕಲಿಯುವುದನ್ನು ಸಂತೆಯಲ್ಲಿ ಕೂತ ಹೆಂಗಸು ಬೆರಳಲ್ಲಿ ಎಣಿಸಿ ಹೇಳಿದ್ದಳು. ವೈರಸ್ಸಿನ ಕತೆಯೂ ಅದೇ. ಹೊರಮೈಯ ಪ್ರೋಟೀನುಗಳು ಜೋಡಿ ಜೋಡಿಯಾಗಿ, ಚಾಪೆಯ ಎಳೆಗಳ ಹಾಗೆ ಚಪ್ಪಟೆ ಮಲಗಿರುತ್ತವೆ, ಒಟ್ಟು ತೊಂಬತ್ತು ಜೋಡಿ. ಅವು ಐದೈದಾಗಿ ಒಂದು ಬಿಂದುವನ್ನು ಸುತ್ತುವ ಜಾಗಗಳು ಹನ್ನೆರಡೇ. ರುಕ್ಕಮ್ಮ ಹನ್ನೆರಡು ಐಮೂಲೆಯ ಚೆಂಡು ಹೆಣೆದುಕೊಟ್ಟರೆ ಅದರ ಮೇಲೆ ಬಣ್ಣದ ಪಟ್ಟಿಗಳನ್ನು ಕೂರಿಸಿ ವೈರಸ್ಸನ್ನೇ ಜನರ ಕೈಗೆ ಕೊಡಬಹುದು. "ಆರು ವರ್ಷ ಹರಳು ಕಟ್ಟದೆ ಇದ್ದದ್ದು ಈಗ ಕೊಪ್ಪದ ಸಂತೇಲಿ ಕಟ್ತು ನೋಡಿ ಸರ್" ಎಂದು ನಕ್ಕರು. ಅವರು ಅಷ್ಟು ಬಾಯ್ತುಂಬ ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಸಂಕ್ರಾಂತಿ ಕಳೆದ ಮರುವಾರ ರುಕ್ಕಮ್ಮ ಚೆಂಡನ್ನು ಸೆರಗಿನಲ್ಲಿ ಸುತ್ತಿಕೊಂಡು ಕಾಲೇಜಿಗೆ ಬಂದಳು. ಟೀ ಹೊತ್ತು. ಎಲ್ಲರೂ ಮುತ್ತಿಕೊಂಡರು. ಮೇಡಂ ಅದನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಮುಂದಿನ ವಾರ ಹರಿಹರಪುರದ ಕಡೆ ಮೊದಲ ಸಭೆ ನಿಗದಿಯಾಗಿತ್ತು. "ಕೊಡಿ ಮೇಡಂ, ನಾನು ಎಣಿಸ್ತೀನಿ" ಎಂದು ಚೆಂಡನ್ನು ಕಸಿದುಕೊಂಡವನು ನಾನು. ಅವರು ನೂಲು ತರಲು ಎದ್ದರು. "ನೂಲೆಲ್ಲ ಎಂತಕ್ಕೆ?" ಎಂದು ತಡೆದವನೂ ನಾನೇ. ತೊಡೆಯ ಮೇಲಿಟ್ಟು ತಿರುಗಿಸುತ್ತಾ ಎಲ್ಲರೂ ನೋಡುತ್ತಿರಲು ಜೋರಾಗಿ ಎಣಿಸಿದೆ. ಹದಿಮೂರು ಬಂತು.

ಮೇಡಂ ಮುಖ ಇಳಿಯಿತು. "ಸರಿಯಾಗಿ ನೋಡಿದ್ರಾ ಸರ್?"

"ಗಣಿತದೋನನ್ನ ಎಣಿಕೆ ಬರತ್ತಾ ಅಂತ ಕೇಳ್ತೀರಲ್ಲ! ಹದಿಮೂರು ಐಮೂಲೆ ಇದ್ದೂ ಚೆಂಡು ಮುಚ್ಚಿಕೊಂಡಿದೆ ಅಂದ್ರೆ ಎಲ್ಲೋ ಒಂದು ಏಳ್ಮೂಲೆ ಇರಲೇಬೇಕು. ಅದು ನಿಯಮ. ಬೇಕಾದ್ರೆ ಹುಡುಕಿಕೊಳ್ಳಿ."

ನಿಯಮ ಸರಿಯಾಗಿಯೇ ಇತ್ತು. ಅದರ ಸೊಕ್ಕಿನಲ್ಲಿ ನಾನು ಆ ಏಳ್ಮೂಲೆಯನ್ನು ಹುಡುಕುವ ಗೋಜಿಗೇ ಹೋಗಲಿಲ್ಲ. ರುಕ್ಕಮ್ಮ ನನ್ನನ್ನೇ ನೋಡುತ್ತಿದ್ದಳು. "ಏಳ್ಮೂಲೆನಾ? ನನ್ ಕೈಯಲ್ಲಿ ಏಳ್ಮೂಲೆ ಬರಲ್ಲ ಸರ್" ಎಂದಳು. ಬೆಲ್ಲು ಹೊಡೆಯಿತು. ಎದ್ದು ಪುಸ್ತಕ ಹಿಡಿದುಕೊಂಡೆ. ಅವಳು ಮೆಲ್ಲಗೆ, "ಓದಿದೋರು ಹೇಳ್ತೀರಿ ಅಂದ್ಮೇಲೆ ಇರಬೌದು. ಇನ್ನೊಂದು ಹೆಣೆದು ಕೊಡ್ತೀನಿ ಬಿಡಿ ಅಮ್ಮ" ಎಂದಳು.

ಬಾಗಿಲಲ್ಲಿ ಮೇಡಂ ಅವಳನ್ನು ನಿಲ್ಲಿಸಿ, "ಮನೇಲಿ ವಾಟೆ ಇದ್ಯಾ ಅಕ್ಕಾ? ಕಾಡಿಗೆ ಹೋಗ್ಬೇಡಿ ಈಗ" ಎಂದು ಎರಡೆರಡು ಸಲ ಹೇಳಿದ್ದು ನನಗೂ ಕೇಳಿಸಿತು. "ಅದೆ, ಅದೆ" ಎಂದು ರುಕ್ಕಮ್ಮ ಹೊರಟಳು. ಎಣ್ಣೆಯ ಬಾಟಲಿಯನ್ನೂ ಮೇಡಂ ಅವಳ ಕೈಗೆ ತುರುಕಿದರು.

ಮನೆಯಲ್ಲಿ ವಾಟೆ ಇರಲಿಲ್ಲ. ಇದ್ದದ್ದೆಲ್ಲ ಮೊದಲ ಚೆಂಡಿಗೆ ಮುಗಿದಿತ್ತು. ತನ್ನ ಕೈ ತಪ್ಪಿತೆಂದು ನಾಲ್ಕು ಜನರೆದುರು ಹೇಳಿಸಿಕೊಂಡವಳಿಗೆ ಉಣುಗು ಅಡಗುವ ಮಳೆಗಾಲದವರೆಗೆ ಕಾಯುವ ತಾಳ್ಮೆ ಎಲ್ಲಿಂದ ಬರಬೇಕು? ಗಂಡನನ್ನು ಕರೆದುಕೊಂಡು ಕಾಡಿಗೆ ಹೋದಳು. ವಾಟೆ ಕಡಿದ ಮೇಲೆ ಹಸಿ ಹೊರೆ ಭಾರವಾಗುತ್ತದೆಂದು ಅಲ್ಲೇ ತರಗೆಲೆಯ ಮೇಲೆ ಕೂತು ಸೀಳಿ ಹಗುರ ಮಾಡಿಕೊಂಡು ತರುವುದು ಅವರ ವಾಡಿಕೆ. ಅರ್ಧ ದಿನ ಹಾಗೆ ಕೂತಿದ್ದಳು.

ಎಂಟು ದಿನಕ್ಕೆ ಜ್ವರ ಬಂತು. ತಲೆ ಸಿಡಿಯುವ ನೋವು, ಆಮೇಲೆ ವಸಡಿನಲ್ಲಿ ರಕ್ತ. ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಸೇರಿಸಿದರು. ಮೇಡಂ ರಜೆ ಹಾಕಿ ಅಲ್ಲೇ ಕೂತರು. ಭಾನುವಾರ ನಾನು ನೋಡಲು ಹೋದಾಗ ವಾರ್ಡಿನ ಹೊರಗಿನ ಬೆಂಚಿನಲ್ಲಿದ್ದರು. ಸೀರೆ ಮುದುಡಿತ್ತು, ಬಲಗೈ ಮಾತ್ರ ಅದೇ ಹಿಡಿಕೆಯನ್ನು ತಡಕಾಡುತ್ತಿತ್ತು.

"ಈ ರೋಗಕ್ಕೆ ಅಂತಲೇ ಮದ್ದಿಲ್ಲ ಸರ್. ಡ್ರಿಪ್ ಹಾಕಿದಾರೆ, ರಕ್ತ ಕೊಡ್ತಿದಾರೆ, ಡಾಕ್ಟ್ರು ಅವರ ಕೈಲಾದ್ದೆಲ್ಲ ಮಾಡ್ತಿದಾರೆ. ನಂಗೆ ಆ ಪ್ರೋಟೀನು ಎಲ್ಲಿ ತಿರುಗತ್ತೆ, ಎಲ್ಲಿ ಮಡಚತ್ತೆ, ಜೀವಕೋಶದ ಒಳಗೆ ಹ್ಯಾಗೆ ನುಗ್ಗತ್ತೆ ಅಂತೆಲ್ಲ ಬಾಯಿಪಾಠ ಇದೆ. ಕಣ್ಣು ಮುಚ್ಚಿದ್ರೆ ಕಾಣ್ತದೆ. ಅದು ಅವಳ ಮೈಯೊಳಗೆ ಈಗ ಏನು ಮಾಡ್ತಿದೆ ಅಂತ ನಂಗೆ ಗೊತ್ತು. ಗೊತ್ತಿದ್ದು ಎಂತ ಮಾಡ್ಲಿ ಹೇಳಿ? ಎಂತ ಮಾಡ್ಲಿ?"

ಅಷ್ಟರಲ್ಲಿ ರುಕ್ಕಮ್ಮನ ಗಂಡ ಒಳಗಿಂದ ಬಂದ. ಎಣ್ಣೆ ಹಚ್ಚಿಕೊಳ್ಳಲಿಲ್ಲವಾ ಎಂದು ಮೇಡಂ ಬಹುಶಃ ಹತ್ತನೇ ಸಲ ಕೇಳಿದರು.

"ಕಾಲಿಗೆ ಹಚ್ಕಂಡ್ಲು ಅಮ್ಮ. ಕೈಗೆ ಬ್ಯಾಡ ಅಂದ್ಲು. ಎಣ್ಣೆ ಕೈಯಾಗೆ ಕತ್ತಿ ಜಾರ್ತದೆ, ವಾಟೆ ಸೀಳಕ್ಕೆ ಆಗಲ್ಲ. ಈ ಸಲ ಒಂದು ಎಳೆನೂ ತಪ್ಪಬಾರ್ದು ಅಂದ್ಲು."

ಮೇಡಂ ಎದ್ದು ನಿಂತು ಆತನಿಗೆ ಕೈ ಮುಗಿದರು. "ಚೆಂಡು ಬೇಕು ಅಂತ ನಾನು ಹೇಳಿದ್ದಕ್ಕೇ ಅವಳು ಹೋಗಿದ್ದು. ತಪ್ಪು ನಂದು. ಇನ್ಯಾರದ್ದೂ ಅಲ್ಲ."

ನಾನು ಅವರ ಪಕ್ಕದಲ್ಲೇ ನಿಂತಿದ್ದೆ. ಗೋಡೆಯ ಮೇಲೆ ಕೈ ತೊಳೆಯುವ ಕ್ರಮದ ಚಿತ್ರಪಟವಿತ್ತು. ಅದನ್ನು ಮೇಲಿನಿಂದ ಕೆಳಗಿನವರೆಗೆ ಓದಿದೆ. ಎಣಿಸಿ ತಪ್ಪು ಹುಡುಕಿದ್ದು ನಾನು ಎಂಬ ಒಂದು ಮಾತು ಆಡಿದ್ದರೆ ಸಾಕಿತ್ತು, ಆಡಲಿಲ್ಲ. ಬುಧವಾರ ರುಕ್ಕಮ್ಮ ಹೋದಳು.

ಆಮೇಲೆ ಮೇಡಂ ಎರಡು ವರ್ಷ ಪಾಠ ಮಾಡಿದರು. ವೈರಸ್ಸಿನ ಅಧ್ಯಾಯ ಬಂದಾಗ ಪುಸ್ತಕದಲ್ಲಿದ್ದಷ್ಟನ್ನೇ ಓದಿ ಹೇಳುತ್ತಿದ್ದರಂತೆ. ಬಾಳೆನಾರು ತರಲಿಲ್ಲ. ಚೆಂಡಿನ ಮೇಲೆ ಒಂದು ಪಟ್ಟಿಯನ್ನೂ ಕೂರಿಸದೆ ಕಪಾಟಿನ ಮೇಲಿಟ್ಟರು. ಎಣ್ಣೆಯ ಬಾಟಲಿ ಮಾತ್ರ ಬಿಡಲಿಲ್ಲ. ರಜೆ ಸಿಕ್ಕಿದಾಗಲೆಲ್ಲ ಸೀತೂರಿನ ಕಡೆ ಮನೆಮನೆಗೆ ಹೋಗಿ ಹಂಚುತ್ತಿದ್ದರು, ಕೈಗೇ ಮೊದಲು ಹಚ್ಚುತ್ತಿದ್ದರು. ಸ್ವಯಂ ನಿವೃತ್ತಿಗೆ ಅರ್ಜಿ ಕೊಟ್ಟ ದಿನ ಲ್ಯಾಬಿನಲ್ಲಿ ನಾವಿಬ್ಬರೇ ಇದ್ದಾಗ, ಎರಡು ವರ್ಷ ನುಂಗಿಕೊಂಡದ್ದನ್ನು ಹೇಗೋ ಹೊರಗೆ ಹಾಕಿದೆ.

"ಮೇಡಂ, ಅವತ್ತು ನಾನು ಎಣಿಸದೆ ಇದ್ದಿದ್ರೆ..."

ಅವರು ಕಪಾಟಿನ ಮೇಲಿದ್ದ ಚೆಂಡಿನ ಕಡೆ ಒಮ್ಮೆ ನೋಡಿದರು. "ನೀವು ಎಣಿಸಿದ್ದು ಸರಿಯಾಗೇ ಇತ್ತು ಸರ್. ಕಾಡಿಗೆ ಹೋಗೋ ಹಾಗೆ ಮಾಡಿದ್ದು ನಾನು. ಬಿಡಿ ಅದನ್ನ, ಮನಸ್ಸಿಗೆ ಹಚ್ಚಿಕೋಬೇಡಿ" ಎಂದರು. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಮಾತು ಕೇಳಿ ನನಗೆ ಹಗುರವಾಯಿತು. ಆ ದಿನ ಹೊಟ್ಟೆ ತುಂಬ ಊಟ ಮಾಡಿದೆ.

ಮೇಡಂ ಸೀತೂರಿನ ಮನೆಯಲ್ಲಿ ತೀರಿಕೊಂಡದ್ದು ಮಂಗನ ಕಾಯಿಲೆಯ ಜ್ವರದಿಂದಲ್ಲ. ಬೆಳಿಗ್ಗೆ ಬಚ್ಚಲಿಗೆ ಹೋದವರು ಕುಸಿದರಂತೆ, ಹೃದಯ ನಿಂತಿತ್ತು. ಸೀತೂರಿಗೆ ಹೋಗಿ ಮುಖ ನೋಡಿ ಬಂದೆ. ಬಲಗೈ ಬೆರಳು ಅರ್ಧ ಮಡಚಿಕೊಂಡೇ ಇತ್ತು. ಹಿಡಿ ಸಿಗಲೇ ಇಲ್ಲ ಇವರಿಗೆ ಎಂದುಕೊಂಡು ಬಸ್ಸು ಹತ್ತಿದೆ.

ಕಳೆದ ವಾರ ಪ್ರಿನ್ಸಿಪಾಲರು ನಕ್ಕು ಹೊರಟ ಮೇಲೆ ಸ್ಟೂಲು ಹತ್ತಿ ಚೆಂಡನ್ನು ಇಳಿಸಿದೆ. ಬಟ್ಟೆಯಿಂದ ಧೂಳು ಒರೆಸುವಾಗ ಬೆರಳಿಗೆ ಏನೋ ತಡೆಯಿತು. ನೂಲಿನ ಗಂಟು. ಕೆಂಪು ಹೋಗಿ ಕಂದುಬಣ್ಣವಾಗಿತ್ತು. ತಿರುಗಿಸಿದೆ, ಇನ್ನೊಂದು. ಪ್ರತಿ ಐಮೂಲೆ ಕಣ್ಣಿಗೂ ಒಂದೊಂದು. ಸ್ಟೂಲಿನ ಮೇಲೆಯೇ ಕೂತೆ. ಗಂಟುಗಳನ್ನು ಎಣಿಸಿದೆ, ಹನ್ನೆರಡು. ಗಂಟಿಲ್ಲದ ಐಮೂಲೆ ಒಂದಾದರೂ ಸಿಗಲಿ ಎಂದು ಒಂದೊಂದು ಕಣ್ಣನ್ನೂ ಬೆರಳಿಟ್ಟು ನೋಡಿದೆ. ಉಳಿದವೆಲ್ಲ ಆರ್ಮೂಲೆ. ಏಳ್ಮೂಲೆ ಒಂದೂ ಇರಲಿಲ್ಲ. ಅವತ್ತು ಚೆಂಡು ತಿರುಗಿಸುವ ಭರದಲ್ಲಿ ನಾನು ಒಂದೇ ಕಣ್ಣನ್ನು ಎರಡು ಸಲ ಎಣಿಸಿದ್ದೆ.

ಕೊನೆಯ ಗಂಟಿನಿಂದ ಒಂದು ಚೀಟಿ ನೇತಾಡುತ್ತಿತ್ತು. ಮೇಡಂ ಅಕ್ಷರ: 'ಎಣಿಸಿದ್ದು. ೧೨.' ಕೆಳಗೆ ತಾರೀಖು, ರುಕ್ಕಮ್ಮ ತೀರಿದ ಮೂರನೆಯ ದಿನದ್ದು. ಅಂದರೆ ಅವರಿಗೆ ಗೊತ್ತಿತ್ತು. ನನ್ನೆದುರು ಕೂತು "ಸರಿಯಾಗೇ ಇತ್ತು" ಎಂದು ಹೇಳುವಾಗ ಗೊತ್ತಿತ್ತು. ಎರಡು ವರ್ಷ ನನ್ನ ಎದುರು ಕುರ್ಚಿಯಲ್ಲಿ ಟೀ ಕುಡಿಯುವಾಗಲೂ ಗೊತ್ತಿತ್ತು.

ಅದೇ ಸಂಜೆ ಚೆಂಡನ್ನು ತೆಗೆದುಕೊಂಡು ಮೇಗುಂದದ ಕಡೆ ಹೋದೆ. ರುಕ್ಕಮ್ಮನ ಗಂಡ ಜಗಲಿಯಲ್ಲಿ ಕೂತಿದ್ದ. ನನ್ನನ್ನು ಗುರುತಿಸಲು ಹೊತ್ತಾಯಿತು, ಚೆಂಡನ್ನು ಕಂಡ ಕೂಡಲೇ ಗುರುತಿಸಿದ. ತೊಡೆಯ ಮೇಲಿಟ್ಟುಕೊಂಡು ಸುತ್ತಲೂ ಅಂಗೈ ಆಡಿಸಿದ.

"ಇದ್ರಾಗೆ ಆ ಏಳ್ಮೂಲೆ ಎಲ್ಲದೆ ಸರ್? ಜ್ವರದಾಗೂ ಅದನ್ನೇ ಕೇಳ್ತಿದ್ಲು. ಬೆರಳು ಆಡಿಸದು, 'ನಂಗೆ ಏಳ್ಮೂಲೆ ಬರಲ್ಲ, ಎಲ್ಲಿ ಬಂತು ತೋರ್ಸಿ' ಅನ್ನದು. ಪ್ರಾಣ ಹೋಗೋವರೆಗೂ ಅದೇ ಮಾತು. ನಂಗೂ ನೋಡ್ಬೇಕು ಅಂತ ಇತ್ತು, ತೋರ್ಸಿ."

"ಇಲ್ಲ" ಎಂದೆ. "ಏಳ್ಮೂಲೆ ಇಲ್ಲ. ಹನ್ನೆರಡೇ ಇದ್ದದ್ದು. ಅವಳ ಕೈ ತಪ್ಪಿರಲಿಲ್ಲ. ನಾನು ತಪ್ಪು ಎಣಿಸಿದ್ದೆ. ಮೇಡಂದೂ ತಪ್ಪಿಲ್ಲ, ನಂದೇ."

ಆತ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಚೆಂಡನ್ನು ನನ್ನ ಕೈಗೆ ವಾಪಸು ಕೊಟ್ಟ. ಒಳಗೆ ಗೋಡೆಯ ಮೇಲಿದ್ದ ರುಕ್ಕಮ್ಮನ ಫೋಟೋದ ಕಡೆ ತಲೆ ಆಡಿಸಿ, "ಎಣಿಸಿ ಸರ್. ಇಲ್ಲೇ ಕೂತು ಎಣಿಸಿ. ಜೋರಾಗಿ ಎಣಿಸಿ, ಅವಳಿಗೂ ಕೇಳ್ಲಿ" ಎಂದ.

ಜಗಲಿಯ ಮೇಲೆ ಕೂತೆ. ಮೇಡಂ ಕಟ್ಟಿಟ್ಟ ಗಂಟುಗಳ ಮೇಲೆ ಒಂದೊಂದಾಗಿ ಬೆರಳಿಟ್ಟು ಒಂದು, ಎರಡು, ಮೂರು ಎನ್ನುತ್ತಾ ಹೋದೆ. ಈ ಸಲ ತಪ್ಪಲು ಅವರು ಜಾಗವೇ ಬಿಟ್ಟಿರಲಿಲ್ಲ. ಹನ್ನೆರಡು ಎಂದು ನಿಲ್ಲಿಸಿದೆ. ಆತ "ಇನ್ನೊಂದ್ಸಲ" ಎಂದ. ಮತ್ತೆ ಒಂದರಿಂದ ಶುರು ಮಾಡಿದೆ.